ಚೀಲ ಎತ್ತುವಾಗ ಎಷ್ಟು ಸ್ನಾಯು ದುಡಿಯುತ್ತವೆ?

ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಯನ್ನು ಕೂಡುತ್ತದೆ. ಸಂಗಮದ ದಂಡೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಅದನ್ನು ಕಂಡವರು ಒಂದು ಸಂಗತಿಯನ್ನು ಮರೆಯುವುದಿಲ್ಲ. ಗರ್ಭಗುಡಿಯ ಬುಡ ನೆಲದ ಬಳಿ ಬಹಳ ಅಗಲ. ಮೇಲೇರಿದಂತೆ ಇಳಿಜಾರಾಗಿ ಕಿರಿದಾಗುತ್ತದೆ. ಬುಡ ಅಗಲವಾದಷ್ಟೂ ಭಾರ ಭದ್ರವಾಗಿ ನಿಲ್ಲುತ್ತದೆ ಎಂಬುದು ಶಿಲ್ಪಿಗೂ ಗೊತ್ತು, ರೈತನಿಗೂ ಗೊತ್ತು. ಸುಗ್ಗಿಯಲ್ಲಿ ಗೋವಿನಜೋಳದ ಚೀಲವನ್ನು ಟ್ರ್ಯಾಕ್ಟರಿಗೆ ಹೇರುವವರ ಕಾಲುಗಳನ್ನು ಗಮನಿಸಿ. ಅವರು ಕಾಲು ಜೋಡಿಸಿ ನಿಂತು ಎಂದೂ ಚೀಲಕ್ಕೆ ಕೈ ಹಾಕುವುದಿಲ್ಲ.

ಈ ವಾರ ಚೀಲದ ವಿಷಯವನ್ನೇ ಎತ್ತಿಕೊಳ್ಳಲು ಕಾರಣವಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂಥ ಊರುಗಳಲ್ಲಿ ಈಗ ಜಿಮ್‌ಗಳಿವೆ. ಪಿಯುಸಿ ಹುಡುಗರು ಅಲ್ಲಿಗೆ ಹೋಗುತ್ತಾರೆ. ಕೆಲವರಿಗೆ ಪೊಲೀಸ್ ಇಲ್ಲವೆ ಸೈನ್ಯದ ದೈಹಿಕ ಪರೀಕ್ಷೆ ಪಾಸಾಗಬೇಕು, ಕೆಲವರಿಗೆ ಅಂಗಿಯ ತೋಳು ಬಿಗಿಯಾಗಿ ಕಾಣಬೇಕು. ಬಹಳಷ್ಟು ಹುಡುಗರು ಕನ್ನಡಿಯ ಮುಂದೆ ನಿಂತು ಒಂದೇ ತೋಳನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮನೆಗೆ ಬರುತ್ತಾರೆ. ಆರು ತಿಂಗಳಾದ ಮೇಲೆ ತೋಳು ತುಸು ಉಬ್ಬಿರುತ್ತದೆ. ಓಟದಲ್ಲಿ ಮಾತ್ರ ಹಿಂದೆಯೇ ಉಳಿದಿರುತ್ತಾರೆ, ಗುಂಡು ಎಸೆದರೆ ಗೆರೆ ದಾಟುವುದಿಲ್ಲ. ಇನ್ನೊಂದು ಕಡೆ ಪಾಲಕರಿಗೆ ಚಿಂತೆ: ಭಾರ ಎತ್ತಿದರೆ ಮಗನ ಎತ್ತರ ನಿಂತುಹೋದೀತೇ? ಈ ಎರಡಕ್ಕೂ ಉತ್ತರ ಚೀಲ ಎತ್ತುವ ಕ್ರಮದಲ್ಲೇ ಇದೆ.

ಒಂದು ಕೀಲು, ಹಲವು ಕೀಲು

ನಮ್ಮ ದೇಹದಲ್ಲಿ ಎಲುಬುಗಳನ್ನು ಆಡಿಸುವ ಸ್ನಾಯುಗಳು ಆರುನೂರಕ್ಕೂ ಹೆಚ್ಚು. ಸ್ನಾಯುವಿಗೆ ಬರುವುದು ಒಂದೇ ಕೆಲಸ, ಎಳೆಯುವುದು. ತಳ್ಳುವುದು ಅದಕ್ಕೆ ಗೊತ್ತಿಲ್ಲ. ನೀವು ಬಾಗಿಲನ್ನು ತಳ್ಳಿದಾಗಲೂ ಒಳಗೆ ನಡೆಯುವುದು ಎಳೆತವೇ. ತೋಳಿನ ಹಿಂಬದಿಯ ಸ್ನಾಯು ಮೊಣಕೈಯ ಎಲುಬನ್ನು ಎಳೆದು ಕೈಯನ್ನು ನೇರ ಮಾಡುತ್ತದೆ, ಅಷ್ಟೆ. ಆದ್ದರಿಂದಲೇ ಸ್ನಾಯುಗಳು ಜೋಡಿಜೋಡಿಯಾಗಿರುತ್ತವೆ. ತೋಳಿನ ಮುಂದಿನ ಬೈಸೆಪ್ಸ್ ಮೊಣಕೈಯನ್ನು ಮಡಿಸುತ್ತದೆ, ಹಿಂದಿನ ಟ್ರೈಸೆಪ್ಸ್ ಬಿಚ್ಚುತ್ತದೆ.

ಕನ್ನಡಿಯ ಮುಂದೆ ತೋಳು ಮಡಿಸುವ ಹುಡುಗನ ದೇಹದಲ್ಲಿ ಆಡುವುದು ಮೊಣಕೈ ಎಂಬ ಒಂದೇ ಕೀಲು. ಮುಖ್ಯವಾಗಿ ದುಡಿಯುವುದು ಬೈಸೆಪ್ಸ್ ಮತ್ತು ಅದರ ನೆರೆಯ ಒಂದೆರಡು ಸ್ನಾಯುಗಳು. ಇದು ಏಕಕೀಲಿನ ವ್ಯಾಯಾಮ. ಅದೇ ಹುಡುಗ ಒಂದು ಬಸ್ಕಿ ಹೊಡೆಯಲಿ. ಆಗ ಹಿಮ್ಮಡಿಯ ಮೇಲಿನ ಕೀಲು, ಮಂಡಿ, ಸೊಂಟ ಈ ಮೂರೂ ಒಟ್ಟಿಗೆ ಆಡುತ್ತವೆ. ತೊಡೆಯ ಮುಂದಿನ ನಾಲ್ಕು ಕವಲಿನ ಕ್ವಾಡ್ರಿಸೆಪ್ಸ್, ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್, ಕುಂಡೆಯ ಗ್ಲೂಟಿಯಸ್, ಮೀನಖಂಡ, ಬೆನ್ನುಹುರಿಯ ಇಕ್ಕೆಲದ ಉದ್ದ ಸ್ನಾಯುಗಳು, ಹೊಟ್ಟೆಯ ಪದರಗಳು ಎಲ್ಲವೂ ಕೆಲಸಕ್ಕೆ ಬರುತ್ತವೆ. ಇಂಥವನ್ನು ಸಂಯುಕ್ತ ವ್ಯಾಯಾಮಗಳೆನ್ನುತ್ತಾರೆ. ಜಿಮ್‌ನ ಭಾಷೆಯಲ್ಲಿ ‘ಕಾಂಪೌಂಡ್’.

ದಿನದ ಬದುಕಿನಲ್ಲಿ ನಾವು ಒಂದೇ ಕೀಲನ್ನು ಆಡಿಸಿ ಮಾಡುವ ಕೆಲಸ ಕಡಿಮೆ. ಕೊಡ ಎತ್ತುವುದು, ಬಸ್ ಹತ್ತುವುದು, ಗುಂಡು ಎಸೆಯುವುದು, ಉದ್ದ ಜಿಗಿಯುವುದು ಎಲ್ಲವೂ ಹಲವು ಕೀಲುಗಳ ಕೂಡಾಟ. ಒಂಟಿ ಸ್ನಾಯುವನ್ನು ಬೆಳೆಸಿದ ಮಾತ್ರಕ್ಕೆ ಈ ಕೂಡಾಟ ಬರುವುದಿಲ್ಲ. ತೋಳು ಉಬ್ಬಿದ ಹುಡುಗ ಗುಂಡು ಎಸೆತದಲ್ಲಿ ಸೋಲುವುದು ಇದೇ ಕಾರಣಕ್ಕೆ. ಗುಂಡು ಕೈಯಿಂದ ಬಿಟ್ಟುಹೋಗುತ್ತದೆ ನಿಜ. ಅದನ್ನು ಎಸೆಯುವ ಬಲ ಹುಟ್ಟುವುದು ನೆಲವನ್ನು ಒತ್ತುವ ಕಾಲಿನಲ್ಲಿ.

ಚೀಲದ ನಾಲ್ಕು ಹಂತ

ಈಗ ಚೀಲಕ್ಕೆ ಬರೋಣ. ನೆಲದ ಮೇಲಿನ ಚೀಲ ಹೆಗಲೇರಿ ಹತ್ತು ಹೆಜ್ಜೆ ಹೋಗುವುದರೊಳಗೆ ನಾಲ್ಕು ಬೇರೆ ಬೇರೆ ವ್ಯಾಯಾಮಗಳು ಮುಗಿದಿರುತ್ತವೆ.

ಮೊದಲನೆಯದು ನೆಲ ಬಿಡಿಸುವುದು. ಕಾಲು ಅಗಲಿಸಿ, ಸೊಂಟವನ್ನು ಹಿಂದಕ್ಕೆ ಒಯ್ದು, ಮಂಡಿ ಬಗ್ಗಿಸಿ, ಚೀಲದ ಎರಡು ತುದಿ ಹಿಡಿದು ಏಳುವುದು. ಇದನ್ನೇ ಕಬ್ಬಿಣದ ಸಲಾಕೆಯೊಂದಿಗೆ ಮಾಡಿದರೆ ಜಿಮ್‌ನವರು ಡೆಡ್‌ಲಿಫ್ಟ್ ಎನ್ನುತ್ತಾರೆ. ಇಲ್ಲಿ ಯಜಮಾನಿಕೆ ಕುಂಡೆಯ ಗ್ಲೂಟಿಯಸ್ ಮತ್ತು ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್‌ಗಳದ್ದು. ಗ್ಲೂಟಿಯಸ್ ದೇಹದ ಅತಿ ದೊಡ್ಡ ಸ್ನಾಯು. ಬೆನ್ನಿನ ಸ್ನಾಯುಗಳು ಇಲ್ಲಿ ಎತ್ತುವುದಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸುತ್ತವೆ. ಬೆನ್ನು ಬಿಲ್ಲಿನಂತೆ ಬಾಗದ ಹಾಗೆ ನೋಡಿಕೊಳ್ಳುತ್ತವೆ. ಬೆರಳುಗಳ ಹಿಡಿತಕ್ಕೆ ಮುಂದೋಳಿನ ಸ್ನಾಯುಗಳು ದುಡಿಯುತ್ತವೆ.

ಎರಡನೆಯದು ತೊಡೆಯಿಂದ ಎದೆಗೆ ತರುವುದು. ಅನುಭವಿಗಳು ಚೀಲವನ್ನು ತೊಡೆಯ ಮೇಲೆ ಒಮ್ಮೆ ಇಟ್ಟುಕೊಂಡು, ಸೊಂಟದಿಂದ ಒಂದು ಜಿಗಿತ ಕೊಟ್ಟು ಮೇಲಕ್ಕೆ ಹಾರಿಸುತ್ತಾರೆ. ತೋಳಿನ ಬಲದಿಂದ ಎಳೆಯುವುದಿಲ್ಲ. ಒಲಿಂಪಿಕ್ಸ್‌ನ ‘ಕ್ಲೀನ್ ಅಂಡ್ ಜರ್ಕ್’ ಸ್ಪರ್ಧೆಯ ಮೊದಲ ಭಾಗದ ಗುಟ್ಟೂ ಇಷ್ಟೇ: ಕಾಲು ಮತ್ತು ಸೊಂಟ ಭಾರವನ್ನು ಮೇಲಕ್ಕೆ ಚಿಮ್ಮಿಸುತ್ತವೆ, ಕೈ ಅದನ್ನು ಹಿಡಿಯುತ್ತದೆ. ಹೆಗಲಿಂದ ಕತ್ತಿನವರೆಗೆ ಹರಡಿದ ಟ್ರಪೀಜಿಯಸ್ ಸ್ನಾಯು ಇಲ್ಲಿ ನೆರವಿಗೆ ಬರುತ್ತದೆ.

ಮೂರನೆಯದು ಹೆಗಲಿಗೇರಿಸುವುದು. ಭುಜವನ್ನು ಮುಚ್ಚಿದ ಡೆಲ್ಟಾಯ್ಡ್, ತೋಳಿನ ಹಿಂದಿನ ಟ್ರೈಸೆಪ್ಸ್, ಎದೆಯ ಮೇಲ್ಭಾಗ ಇವು ಕೂಡಿ ಭಾರವನ್ನು ಮೇಲಕ್ಕೆ ಒತ್ತುತ್ತವೆ. ದೇಹದಲ್ಲಿ ಹೆಚ್ಚು ಬಗೆಯಲ್ಲಿ ತಿರುಗುವ ಕೀಲು ಭುಜ. ಹಾಗೆಯೇ ಬೇಗ ಜಾರುವ ಕೀಲೂ ಅದೇ. ಆದ್ದರಿಂದ ಎಳೆಯರು ತಲೆಯ ಮೇಲಕ್ಕೆ ಭಾರ ಎತ್ತುವುದನ್ನು ಕೊನೆಗೆ ಕಲಿಯಬೇಕು.

ನಾಲ್ಕನೆಯದು ಹೊತ್ತು ನಡೆಯುವುದು. ಇದನ್ನು ವ್ಯಾಯಾಮವೆಂದು ಬಹಳ ಜನ ಎಣಿಸುವುದಿಲ್ಲ. ಒಂದು ಹೆಗಲ ಮೇಲೆ ಭಾರವಿದ್ದಾಗ ದೇಹ ಆ ಕಡೆ ವಾಲದಂತೆ ಎದುರು ಪಕ್ಕೆಯ ಸ್ನಾಯುಗಳು ಹಗ್ಗದಂತೆ ಬಿಗಿಯುತ್ತವೆ. ಪ್ರತಿ ಹೆಜ್ಜೆಗೂ ಒಂದು ಕಾಲು ನೆಲ ಬಿಡುತ್ತದೆಯಲ್ಲ, ಆಗ ಸೊಂಟದ ಪಕ್ಕದ ಸ್ನಾಯು ಇಡೀ ಭಾರವನ್ನು ಒಂದೇ ಕಾಲಿನ ಮೇಲೆ ಸರಿದೂಗಿಸುತ್ತದೆ. ಇದೇ ಗಳಗನಾಥದಲ್ಲಿ ಹುಟ್ಟಿ, ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು (1869–1942) ಕನ್ನಡಿಗರು ಇಂದಿಗೂ ನೆನೆಯುವುದು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರೆಂದು. ಪುಸ್ತಕದ ಗಂಟು ಎಷ್ಟು ಭಾರವೆಂಬುದು ಶಾಲೆಯ ಮಕ್ಕಳಿಗೆ ಚೆನ್ನಾಗಿ ಗೊತ್ತು! ಮಗುವಿನ ತೂಕದ ಹತ್ತನೇ ಒಂದು ಭಾಗಕ್ಕಿಂತ ಪಾಟಿಚೀಲ ಭಾರವಿರಬಾರದು ಎಂದು ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಮೂವತ್ತು ಕಿಲೋ ತೂಗುವ ಮಗುವಿಗೆ ಮೂರು ಕಿಲೋ. ಪಾಲಕರು ಒಮ್ಮೆ ತೂಗಿ ನೋಡುವುದು ಒಳ್ಳೆಯದು.

ಬೆನ್ನಿನ ಲೆಕ್ಕ

ವಿಜ್ಞಾನದ ಪುಸ್ತಕದಲ್ಲಿ ಸನ್ನೆಕೋಲಿನ ಪಾಠ ಓದಿದ ವಿದ್ಯಾರ್ಥಿಗಳು ಈಗ ಪೆನ್ಸಿಲ್ ತೆಗೆದುಕೊಳ್ಳಲಿ. ಇಪ್ಪತ್ತು ಕಿಲೋ ಭಾರವನ್ನು ಬೆನ್ನುಮೂಳೆಯಿಂದ 50 ಸೆಂಟಿಮೀಟರ್ ದೂರದಲ್ಲಿ, ಅಂದರೆ ಕೈಚಾಚಿ ಬಾಗಿ ಹಿಡಿದಿದ್ದೀರಿ ಎಂದುಕೊಳ್ಳಿ. ಇದನ್ನು ಹಿಂದಿನಿಂದ ಎಳೆದು ಹಿಡಿಯಬೇಕಾದ ಬೆನ್ನಿನ ಸ್ನಾಯು ಮೂಳೆಯ ಕೇಂದ್ರದಿಂದ ಇರುವುದು ಸುಮಾರು 5 ಸೆಂಟಿಮೀಟರ್ ದೂರದಲ್ಲಿ. ಭಾರದ ತೋಳು ಸ್ನಾಯುವಿನ ತೋಳಿಗಿಂತ ಹತ್ತು ಪಟ್ಟು ಉದ್ದ. ಹಾಗಾದರೆ ಸ್ನಾಯು ಎಳೆಯಬೇಕಾದ ಬಲ 20ರ ಹತ್ತು ಪಟ್ಟು, ಅಂದರೆ 200 ಕಿಲೋ ಭಾರಕ್ಕೆ ಸಮ! ನಿಮ್ಮ ತಲೆ, ಎದೆ, ತೋಳುಗಳ ಭಾರವನ್ನು ಇನ್ನೂ ಸೇರಿಸಿಲ್ಲ. ಈ ಎಳೆತವೆಲ್ಲ ಕೊನೆಗೆ ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆಗಳನ್ನು ಅದುಮುತ್ತದೆ.

ಅದೇ ಭಾರವನ್ನು ಮೈಗೆ ಹತ್ತಿರ ತಂದು 25 ಸೆಂಟಿಮೀಟರ್‌ನಲ್ಲಿ ಹಿಡಿಯಿರಿ. ಲೆಕ್ಕ 100 ಕಿಲೋಗೆ ಇಳಿಯಿತು. ಭಾರ ಒಂದು ಗ್ರಾಮೂ ಕಡಿಮೆಯಾಗಿಲ್ಲ, ಬೆನ್ನಿನ ಹೊರೆ ಅರ್ಧವಾಯಿತು. ಚೀಲವನ್ನು ಹೊಟ್ಟೆಗೆ ಒತ್ತಿಕೊಂಡೇ ಎತ್ತಬೇಕೆಂದು ಹಿರಿಯರು ಹೇಳುವುದು ಇದೇ ಲೆಕ್ಕ.

ಹಾಗೆಂದು ಹಮಾಲಿ ಕೆಲಸವನ್ನೇ ವ್ಯಾಯಾಮವೆಂದು ಹೊಗಳುವುದು ತಪ್ಪು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಂಥ ಕಡೆ ದಿನವಿಡೀ ಚೀಲ ಹೊರುವವರಿಗೆ ಭಾರವನ್ನು ಆರಿಸುವ ಸ್ವಾತಂತ್ರ್ಯವಿಲ್ಲ, ದಣಿದಾಗ ನಿಲ್ಲಿಸುವ ಸ್ವಾತಂತ್ರ್ಯವೂ ಕಡಿಮೆ. ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ದಾಟಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ವ್ಯಾಯಾಮವೆಂದರೆ ಭಾರ ನಾವು ಆರಿಸಿದ್ದು, ವಿಶ್ರಾಂತಿಯೂ ನಮ್ಮ ಕೈಲಿರುವುದು. ದುಡಿಮೆಗೂ ವ್ಯಾಯಾಮಕ್ಕೂ ಇರುವ ದೊಡ್ಡ ಅಂತರ ಇದೇ. ರಜೆಯಲ್ಲಿ ಮನೆಗೆ ನೆರವಾಗಲು ಚೀಲ ಹೊರುವ ಹುಡುಗನಿಗೆ ಆ ದಿನ ಬೇರೆ ವ್ಯಾಯಾಮ ಬೇಡ.

ಗರಡಿಮನೆಯ ಪಾಠ

ಸಂಯುಕ್ತ ವ್ಯಾಯಾಮ ಹೊಸ ಸರಕೇನಲ್ಲ. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ಮಟ್ಟಿಗೆ ಇಳಿಯುವ ಮೊದಲು ಬಸ್ಕಿ ಹೊಡೆದರು, ದಂಡ ಹೊಡೆದರು, ಗದೆ ತಿರುಗಿಸಿದರು, ಕಲ್ಲು ಎತ್ತಿದರು. ಇವುಗಳಲ್ಲಿ ಒಂದೂ ಒಂಟಿ ಕೀಲಿನದಲ್ಲ.

ಬಸ್ಕಿಯೆಂದರೆ ಮಕ್ಕಳಿಗೆ ನೆನಪಾಗುವುದು ಕಿವಿ ಹಿಡಿಸುವ ಶಿಕ್ಷೆ. ಇಂಥ ಒಳ್ಳೆಯ ವ್ಯಾಯಾಮಕ್ಕೆ ಶಿಕ್ಷೆಯ ಹೆಸರು ಬಂದದ್ದು ದುರ್ದೈವ. ಹೊಸಬರು ಹಿಮ್ಮಡಿ ನೆಲ ಬಿಡದಂತೆ, ಕುರ್ಚಿಯ ಮೇಲೆ ಕೂರುವ ಹಾಗೆ ಸೊಂಟವನ್ನು ಹಿಂದಕ್ಕೆ ಇಳಿಸಲಿ. ಮಂಡಿ ಒಳಕ್ಕೆ ಕುಸಿಯದೆ ಕಾಲ್ಬೆರಳ ದಿಕ್ಕಿನಲ್ಲೇ ಸಾಗಲಿ. ಇಲ್ಲಿ ಒಂದು ಸೋಜಿಗವಿದೆ. ಬಸ್ಕಿಯಿಂದ ಏಳುವಾಗ ತೊಡೆಯ ಮುಂದಿನ ಸ್ನಾಯುವೂ ಹಿಂದಿನ ಸ್ನಾಯುವೂ ಏಕಕಾಲಕ್ಕೆ ಎಳೆಯುತ್ತವೆ. ಒಂದು ಮಂಡಿಯನ್ನು ಬಿಚ್ಚುವಂಥದು, ಇನ್ನೊಂದು ಮಡಿಸುವಂಥದು, ಜಗಳವಾಗಬೇಕಿತ್ತು. ಆಗುವುದಿಲ್ಲ. ಹಿಂದಿನ ಸ್ನಾಯು ಸೊಂಟವನ್ನೂ ದಾಟಿ ಹೋಗಿರುವುದರಿಂದ ಅದರ ಎಳೆತ ಸೊಂಟವನ್ನು ನೇರ ಮಾಡಲು ಒದಗುತ್ತದೆ. ಲೊಂಬಾರ್ಡ್ ಎಂಬ ವಿಜ್ಞಾನಿ 1903ರಲ್ಲಿ ಈ ಒಗಟನ್ನು ವಿವರಿಸಿದ. ಎದುರಾಳಿಗಳೂ ಕೂಡಿ ದುಡಿಯುವುದು ಸಂಯುಕ್ತ ವ್ಯಾಯಾಮದ ಸೊಗಸು.

ದಂಡ ಹೊಡೆಯುವಾಗ ಎದೆಯ ಪೆಕ್ಟೊರಾಲಿಸ್, ಭುಜದ ಮುಂಭಾಗ, ಟ್ರೈಸೆಪ್ಸ್ ಮೂರೂ ದುಡಿಯುತ್ತವೆ. ಸೊಂಟ ಜೋತುಬೀಳದಂತೆ ಹೊಟ್ಟೆ ಬಿಗಿಹಿಡಿಯುತ್ತದೆ. ಮೈ ನೇರವಾಗಿಟ್ಟು ಮಾಡುವ ಸಾದಾ ದಂಡದಲ್ಲಿ ಕೈಗಳ ಮೇಲೆ ಬೀಳುವುದು ದೇಹತೂಕದ ಸುಮಾರು ಮೂರನೇ ಎರಡು ಭಾಗ. ಅಂದರೆ 45 ಕಿಲೋ ತೂಗುವ ಹುಡುಗ ಪ್ರತಿ ದಂಡಕ್ಕೂ ಸುಮಾರು 30 ಕಿಲೋ ಎತ್ತುತ್ತಾನೆ, ಪೈಸೆ ಖರ್ಚಿಲ್ಲದೆ! ಅದು ಕಷ್ಟವಾದರೆ ಮಂಡಿಯೂರಿ ಮಾಡಬಹುದು, ಹೊರೆ ಸುಮಾರು ಅರ್ಧಕ್ಕಿಳಿಯುತ್ತದೆ. ಇನ್ನೂ ಕಷ್ಟವಾದರೆ ಗೋಡೆಗೆ ಕೈಕೊಟ್ಟು ಮಾಡಬಹುದು.

ದಂಡ ಒತ್ತುವ ಕೆಲಸವಾದರೆ ಅದಕ್ಕೆ ಜೋಡಿಯಾಗಿ ಎಳೆಯುವ ಕೆಲಸವೂ ಬೇಕು. ಗಟ್ಟಿ ಕೊಂಬೆಗೋ ಕಬ್ಬಿಣದ ಸಲಾಕೆಗೋ ಜೋತುಬಿದ್ದು ಮೈಯನ್ನು ಮೇಲೆಳೆಯುವಾಗ ಬೆನ್ನಿನ ಅಗಲ ಸ್ನಾಯುವಾದ ಲ್ಯಾಟಿಸಿಮಸ್ ಡಾರ್ಸೈ ಮುಂದಾಳು, ಬೈಸೆಪ್ಸ್ ಹಿಂಬಾಲಕ. ಕನ್ನಡಿಯ ಮುಂದೆ ತೋಳು ಮಡಿಸುವವನಿಗೆ ಬೇಕಾದ ಬೈಸೆಪ್ಸ್ ಇಲ್ಲಿ ಬಿಟ್ಟಿಯಾಗಿ ಸಿಗುತ್ತದೆ.

ಎಷ್ಟು, ಹೇಗೆ

ಗ್ರೀಕರಲ್ಲಿ ಮೈಲೋ ಎಂಬ ಜಟ್ಟಿಯ ಕಥೆಯಿದೆ. ಅವನು ಎಳೆಗರುವನ್ನು ದಿನವೂ ಹೊತ್ತು ನಡೆದನಂತೆ. ಕರು ಬೆಳೆಯಿತು, ಇವನ ಬಲವೂ ಬೆಳೆಯಿತು. ಕೊನೆಗೆ ಹೋರಿಯನ್ನೇ ಹೊತ್ತ. ಕಥೆ ಕಥೆಯೇ ಆದರೂ ತತ್ವ ಸರಿ: ಭಾರ ಸ್ವಲ್ಪ ಸ್ವಲ್ಪವೇ ಏರಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಡೆಲೋರ್ಮ್ ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳಿಗೆ ಇದೇ ತತ್ವವನ್ನು ಅನ್ವಯಿಸಿ 1945ರಲ್ಲಿ ಪ್ರಕಟಿಸಿದ. ಇಂದು ಜಗತ್ತಿನ ಜಿಮ್‌ಗಳಲ್ಲೆಲ್ಲ ಹತ್ತರ ಎಣಿಕೆಯಲ್ಲಿ ಸುತ್ತುಗಳನ್ನು ಮಾಡುವ ರೂಢಿಗೆ ಅವನ ಪದ್ಧತಿಯೇ ಮೂಲ.

ಐದರಿಂದ ಹದಿನೇಳು ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಚುರುಕಾಗಿ ಆಡಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಎಲುಬಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಮೂರು ದಿನಗಳನ್ನು ಸೋಮವಾರ, ಬುಧವಾರ, ಶುಕ್ರವಾರ ಎಂದಿಟ್ಟುಕೊಳ್ಳಿ. ಐದು ಕೆಲಸಗಳು ಸಾಕು: ಬಸ್ಕಿ, ದಂಡ, ಜೋತುಬಿದ್ದು ಮೈ ಎಳೆಯುವುದು, ಐದು ಕಿಲೋ ಜೋಳ ತುಂಬಿದ ಚೀಲವನ್ನು ಬೆನ್ನು ನೇರವಿಟ್ಟು ನೆಲದಿಂದ ಎತ್ತಿ ಇಳಿಸುವುದು, ಎರಡು ಕೈಗೆ ಎರಡು ಸಮ ಬಕೆಟ್ ನೀರು ಹಿಡಿದು ನಡೆಯುವುದು. ಎಣಿಸುವ ಕೆಲಸಗಳನ್ನು ಎಂಟರಿಂದ ಹನ್ನೆರಡರಂತೆ ಎರಡು ಸುತ್ತು ಮಾಡಿ. ಮೈ ಎಳೆಯಲು ಬಾರದವರು ಮೊದಲು ಬರೀ ಜೋತಾಡಲಿ. ಹನ್ನೆರಡು ಸಲೀಸಾಗಿ ಬಂದ ಮೇಲೆ ಮೂರನೇ ಸುತ್ತು. ಅದೂ ಸಲೀಸಾದ ಮೇಲೆ ಚೀಲಕ್ಕೆ ಒಂದು ಕಿಲೋ ಜೋಳ. ಮೊದಲು ಐದು ನಿಮಿಷ ಮೆಲ್ಲಗೆ ಓಡಿ ಮೈ ಬೆಚ್ಚಗೆ ಮಾಡಿಕೊಳ್ಳಿ. ಉಸಿರು ಕಟ್ಟಬೇಡಿ, ಏಳುವಾಗ ಬಿಡಿ, ಇಳಿಯುವಾಗ ಎಳೆದುಕೊಳ್ಳಿ. ಸ್ನಾಯು ನೋಯುವುದು ಎರಡು ದಿನದಲ್ಲಿ ಮಾಯವಾಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೊದಲೇ ಹೃದಯದ ತೊಂದರೆಯೋ ಉಬ್ಬಸವೋ ಇದ್ದವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಪಾಲಕರು ಕೇಳುವ ಪ್ರಶ್ನೆಗಳು

ಭಾರ ಎತ್ತಿದರೆ ಮಕ್ಕಳು ಗಿಡ್ಡರಾಗುತ್ತಾರೆಯೇ? ಇಲ್ಲ. ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಪದರಗಳಿರುತ್ತವೆ. ಅವಕ್ಕೆ ಪೆಟ್ಟು ಬಿದ್ದರೆ ತೊಂದರೆ ಎಂಬುದು ನಿಜ. ಪೆಟ್ಟು ಬೀಳುವುದು ಮೇಲ್ವಿಚಾರಣೆ ಇಲ್ಲದೆ, ಪಂಥ ಕಟ್ಟಿ, ಮೀರಿದ ಭಾರಕ್ಕೆ ಕೈಹಾಕಿದಾಗ. ಹಗುರ ಭಾರದಿಂದ, ಬಲ್ಲವರ ಕಣ್ಣೆದುರು ಕಲಿತ ಮಕ್ಕಳ ಎತ್ತರಕ್ಕೆ ಧಕ್ಕೆಯಾಗುವುದಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತದೆ. ಹನ್ನೆರಡು ವರ್ಷದ ಮಗುವಿನ ತೋಳು ಮಾತ್ರ ಉಬ್ಬುವುದಿಲ್ಲ. ಆ ವಯಸ್ಸಿನಲ್ಲಿ ಬಲ ಹೆಚ್ಚುವುದು ಮುಖ್ಯವಾಗಿ ನರಗಳು ಸ್ನಾಯುಗಳನ್ನು ಕೂಡಿಸಿ ದುಡಿಸಲು ಕಲಿಯುವುದರಿಂದ. ಅದಕ್ಕಾಗಿ ಬೇಸರ ಬೇಡ.

ಹೆಣ್ಣುಮಕ್ಕಳು ಮಾಡಬಹುದೇ? ಮಾಡಲೇಬೇಕು. ಎಲುಬಿನಲ್ಲಿ ಸುಣ್ಣದಂಶ ಕೂಡಿಡುವ ಕಾಲ ಹದಿಹರೆಯ. ಮುಂದೆ ಅರವತ್ತರಲ್ಲಿ ಎಲುಬು ಟೊಳ್ಳಾಗುವುದೋ ಇಲ್ಲವೋ ಎಂಬುದಕ್ಕೆ ಇಂದಿನ ಕೂಡಿಕೆಯೇ ಬುನಾದಿ. ಭಾರತದ ಹೆಣ್ಣುಮಗಳೊಬ್ಬಳು ಒಲಿಂಪಿಕ್ಸ್‌ನಲ್ಲಿ ಮೊತ್ತಮೊದಲ ಪದಕ ಗೆದ್ದದ್ದೇ ಭಾರ ಎತ್ತಿ: 2000ದಲ್ಲಿ ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋ ಎತ್ತಿ ಕಂಚು ತಂದರು. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರೂ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ 2018ರಲ್ಲಿ 249 ಕಿಲೋ ಎತ್ತಿ ಬೆಳ್ಳಿ, 2022ರಲ್ಲಿ 269 ಕಿಲೋ ಎತ್ತಿ ಕಂಚು ಪಡೆದರು. ನಾಲ್ಕು ವರ್ಷಕ್ಕೆ ಇಪ್ಪತ್ತು ಕಿಲೋ. ಅಂಥವರಿಗೇ ಇಷ್ಟು ಕಾಲ ಹಿಡಿಯಿತೆಂದ ಮೇಲೆ ಮೂರು ತಿಂಗಳಲ್ಲಿ ಮೈಕಟ್ಟು ಬರಬೇಕೆಂದು ಹುಡುಗರು ಆತುರಪಡುವುದರಲ್ಲಿ ಅರ್ಥವಿಲ್ಲ.

ಪ್ರೊಟೀನ್ ಡಬ್ಬಿ ಬೇಕೇ? ಹದಿನಾರರಿಂದ ಹದಿನೆಂಟರ ಹುಡುಗನಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಗೆ 46 ಗ್ರಾಂ ಪ್ರೊಟೀನ್ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಲೆಕ್ಕ ಕೊಟ್ಟಿದೆ. ಮೂರ್ನಾಲ್ಕು ಜೋಳದ ರೊಟ್ಟಿಯಲ್ಲಿ ಸುಮಾರು 17, ಐವತ್ತು ಗ್ರಾಂ ಹೆಸರುಕಾಳಿನಲ್ಲಿ 12, ಒಂದು ಹಿಡಿ ಶೇಂಗಾದಲ್ಲಿ 7, ಎರಡು ಲೋಟ ಹಾಲಿನಲ್ಲಿ 13, ಅನ್ನದಲ್ಲಿ ಹತ್ತರಷ್ಟು. ಕೂಡಿದರೆ 59! ಮೊಟ್ಟೆ ತಿನ್ನುವವರಿಗೆ ಒಂದೊಂದಕ್ಕೆ ಇನ್ನು 6 ಗ್ರಾಂ. ಡಬ್ಬಿಗೆ ಕೊಡುವ ಸಾವಿರಾರು ರೂಪಾಯಿಗೆ ಎಷ್ಟು ಶೇಂಗಾ ಬರುತ್ತದೆಂದು ಮನೆಯಲ್ಲೇ ಲೆಕ್ಕ ಹಾಕಿ.

ಕೊನೆಯ ಮಾತು ಇಂಜೆಕ್ಷನ್ನಿನದು. ಬೇಗ ಮೈ ಉಬ್ಬಿಸಲು ಕೆಲವರು ಹುಡುಗರಿಗೆ ಸ್ಟೆರಾಯ್ಡ್ ಮಾತ್ರೆ, ಸೂಜಿಗಳ ಆಸೆ ತೋರಿಸುತ್ತಾರೆ. ಇವು ಯಕೃತ್ತನ್ನೂ ಹೃದಯವನ್ನೂ ಕೆಡಿಸುತ್ತವೆ, ವೃಷಣಗಳನ್ನು ಕುಗ್ಗಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲುಬಿನ ಬೆಳವಣಿಗೆಯ ಪದರಗಳನ್ನು ಅವಧಿಗೆ ಮುಂಚೆಯೇ ಮುಚ್ಚಿಬಿಡುತ್ತವೆ. ಭಾರ ಎತ್ತಿದರೆ ಮಗ ಗಿಡ್ಡನಾಗುತ್ತಾನೆಂದು ಹೆದರುವ ತಂದೆತಾಯಿ ನಿಜವಾಗಿ ಹೆದರಬೇಕಾದದ್ದು ಈ ಸೂಜಿಗೆ. ಮಗನನ್ನು ಜಿಮ್‌ಗೆ ಕಳಿಸಬೇಡಿ ಎಂದು ಹೇಳುತ್ತಿಲ್ಲ. ಒಂದು ದಿನ ನೀವೂ ಜೊತೆಗೆ ಹೋಗಿ. ಅಲ್ಲಿ ಕಲಿಸುವವರು ಮೊದಲ ವಾರ ಹುಡುಗನ ಕೈಗೆ ಏನು ಕೊಡುತ್ತಾರೆಂದು ನೋಡಿ. ಭಾರವಿಲ್ಲದೆ ಬಸ್ಕಿ ತಿದ್ದುತ್ತಿದ್ದರೆ ಧೈರ್ಯವಾಗಿ ಬಿಟ್ಟುಬನ್ನಿ. ಮೊದಲ ದಿನವೇ ಡಬ್ಬಿಯ ದರಪಟ್ಟಿ ತೋರಿಸಿದರೆ ಮಗನನ್ನು ಕರೆದುಕೊಂಡು ಬನ್ನಿ. ಮನೆಯಲ್ಲಿ ಜೋಳದ ಚೀಲ, ಎರಡು ಬಕೆಟ್ ಇದ್ದೇ ಇವೆ.